ಡೆರ್ನಾಳ ತೋರ್ತಾಕ್ಕೆ ಉಪ್ಪು

ಲಿವೊರ್ನೊ ಬಂದರಿನಲ್ಲಿ ಮೂವತ್ತು ವರ್ಷ ಹಡಗಿನ ಸರಕು ಇಳಿಸಿದವನು ನಾನು. ಕ್ರೇನಿಗೆ ಹೆದರಿದವನಲ್ಲ, ಡೆರ್ನಾಳ ಸೌಟಿಗೆ ಮಾತ್ರ ಹೆದರುತ್ತೇನೆ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವಳದು ತೋರ್ತಾ ಅಂಗಡಿ. ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು, ಅಷ್ಟೇ. ಅಗಲವಾದ ತಾಮ್ರದ ತಟ್ಟೆಗೆ ಹುಯ್ದು ಸೌದೆ ಒಲೆಯೊಳಗೆ ತಳ್ಳಿದರೆ ಅಂಚು ಗರಿಗರಿಯಾಗಿ, ನಡು ಮೆತ್ತಗಾಗಿ ಹೊರಬರುತ್ತದೆ. ಬನ್ನಿನೊಳಗಿಟ್ಟು ಮೆಣಸಿನ ಪುಡಿ ಉದುರಿಸಿ ಕೊಡುತ್ತಾಳೆ. ಎಂಥವನೇ ಬರಲಿ, ಸರದಿ ತಪ್ಪಿಸುವಂತಿಲ್ಲ.

ಅವಳ ಅಪ್ಪನ ಕಾಲದಲ್ಲಿ ಅಲ್ಲೊಂದು ಪದ್ಧತಿ ಇತ್ತು. ದಿನದ ಮೊದಲ ತುಂಡು ಬನ್ನಿಲ್ಲದೆ, ಮೆಣಸಿಲ್ಲದೆ ಕಿರಿಮಗ ನೇದೊನ ಕೈಗೆ. "ಉಪ್ಪು?" ಎಂದು ಅಪ್ಪ ಕೇಳುವುದು, ಸರಿಯೋ, ಕಡಿಮೆಯೋ, ಹೆಚ್ಚೋ ಎಂದು ಅವನು ಒಂದೇ ಮಾತಿನಲ್ಲಿ ಹೇಳುವುದು. ಅಪ್ಪ ತೀರಿಕೊಂಡ ಮೇಲೆ ಡೆರ್ನಾ ಸೌಟು ಹಿಡಿದಳು. ಮೊದಲ ವಾರವೇ ನೇದೊ, "ಅಪ್ಪನ ಕೈರುಚಿ ಬಂದಿಲ್ಲ" ಎಂದ. "ಹಾಗಾದ್ರೆ ಹೋಗಿ ಸಮುದ್ರದ ನೀರು ಕುಡಿ" ಎಂದಳು ಇವಳು. ಅವನು ಹಡಗಿನ ಅಡುಗೆಯವನಾಗಿ ಹೊರಟೇಹೋದ. ಒಂಬತ್ತು ವರ್ಷ ಕಾಗದವಿಲ್ಲ, ಫೋನಿಲ್ಲ. ಡೆರ್ನಾ ಆ ಮೊದಲ ತುಂಡನ್ನು ಯಾರಿಗೂ ಮಾರಲಿಲ್ಲ. ದಿನಾ ಒಲೆಯ ಪಕ್ಕದಲ್ಲಿಟ್ಟು ಆರಲು ಬಿಡುತ್ತಿದ್ದಳು.

ಹೋದ ಮಂಗಳವಾರ ಬೆಳಿಗ್ಗೆ ಸಾಲಿನಲ್ಲಿ ನನ್ನ ಬೆನ್ನಿಗೆ ಬಂದು ನಿಂತವನು ನೇದೊ. ತಲೆ ಪೂರ್ತಿ ನರೆತಿತ್ತು.

"ಒರಿಯಾನೊ, ಹಡಗು ಹನ್ನೊಂದಕ್ಕೆ ಹೊರಡತ್ತೆ. ಅಷ್ಟರೊಳಗೆ ಒಂದು ತುಂಡು ತಿನ್ಬೇಕು ಕಣೋ. ಕೊಡ್ತಾಳಾ?"

"ಕೊಡ್ತಾಳೆ, ಸೌಟಲ್ಲೇ ಕೊಡ್ತಾಳೆ" ಎಂದೆ.

ಡೆರ್ನಾ ಅವನನ್ನು ನೋಡಿದಳು. ಕತ್ತರಿಸುತ್ತಿದ್ದ ಕೈ ನಿಂತಿತು. ಒಲೆಯ ಪಕ್ಕದ ತುಂಡನ್ನು ಕಾಗದದ ಮೇಲಿಟ್ಟುಕೊಂಡು, ನಮ್ಮೆಲ್ಲರನ್ನೂ ದಾಟಿ ಬಂದು ಅವನ ಮುಂದೆ ಹಿಡಿದಳು.

"ಉಪ್ಪು?"

ನೇದೊ ನಿಧಾನವಾಗಿ ಅಗಿದ. ಸುಳ್ಳು ಹೇಳೋ ಮಾರಾಯ, ಒಂದೇ ಒಂದು ಸುಳ್ಳು, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಕಡಿಮೆ, ಅಕ್ಕ."

ಅವಳು ಗರ್ರನೆ ತಿರುಗಿದ್ದು ನಮ್ಮ ಮೇಲೆ. "ಒಂಬತ್ತು ವರ್ಷದಿಂದ ಚಪ್ಪರಿಸ್ಕೊಂಡು ತಿಂತಿದೀರಲ್ಲ, ಒಬ್ಬರಿಗೂ ನಾಲಿಗೆ ಇರ್ಲಿಲ್ವಾ?"

"ನಾಲಿಗೆ ಇತ್ತಮ್ಮ, ಧೈರ್ಯ ಇರ್ಲಿಲ್ಲ" ಎಂದರು ನಿವೃತ್ತ ಟೀಚರ್ ಇವಾನಾ.

ನನಗೆ ನಿಜಕ್ಕೂ ನಾಚಿಕೆಯಾಯಿತು. ನನಗೂ ಗೊತ್ತಿತ್ತು. ಅದಕ್ಕೇ ಮೆಣಸಿನ ಪುಡಿ ಜಾಸ್ತಿ ಹಾಕಿಸಿಕೊಳ್ಳುತ್ತಿದ್ದೆ.

ಅವಳು ಹಿಟ್ಟಿನ ಪಾತ್ರೆಗೆ ಉಪ್ಪು ಸುರಿದು, ಕಲಕಿ, ಹೊಸ ತಟ್ಟೆಯನ್ನು ಒಲೆಗೆ ತಳ್ಳಿದಳು. "ಇದನ್ನ ತಿಂದು ಹೋಗು."

"ಬೇಯಕ್ಕೆ ಇಪ್ಪತ್ತು ನಿಮಿಷ ಬೇಕು. ಹಡಗು ಬಿಟ್ಟು ಹೋಗತ್ತೆ ಅಕ್ಕ."

"ಒಂಬತ್ತು ವರ್ಷ ನಾನು ಕಾಯ್ಲಿಲ್ವೇನೋ?"

ನೇದೊ ಒಲೆಯ ಪಕ್ಕದಲ್ಲೇ ಕಾದು ನಿಂತ. ತಟ್ಟೆ ಹೊರಬಂದಾಗ ಹನ್ನೊಂದಕ್ಕೆ ಹತ್ತೇ ನಿಮಿಷ. ಅವಳು ಬಿಸಿ ತುಂಡನ್ನು ಅವನ ಕೈಗೆ ತುರುಕಿದಳು, ನಾನು ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡೆ. ದಾರಿಯುದ್ದಕ್ಕೂ ಬಾಯಿ ಸುಟ್ಟುಕೊಂಡು ಉಸ್ ಉಸ್ ಎನ್ನುತ್ತಾ ತಿಂದ. ಎಣ್ಣೆಯೆಲ್ಲ ನನ್ನ ಅಂಗಿಗೆ. ಬಂದರಿನ ಗೇಟಿನಲ್ಲಿ ಇಳಿದು ಬೆರಳು ನೆಕ್ಕುತ್ತಾ, "ಉಪ್ಪು ಸರಿ ಇದೆ ಅಂತ ಹೇಳು" ಎಂದವನೇ ಓಡಿದ.

ಅಂಗಡಿಗೆ ವಾಪಸಾದಾಗ ನನ್ನ ಸರದಿ ಹೋಗಿತ್ತು. ಸಾಲಿನ ಬಾಲದಿಂದಲೇ ಕೂಗಿ ಹೇಳಿದೆ.

ಡೆರ್ನಾ ಚಾಕು ಕೆಳಗಿಟ್ಟಳು. "ಸರಿ ಇದೆ ಅಂದ್ನಾ, ಪರವಾಗಿಲ್ಲ ಅಂದ್ನಾ?"

"ಸರಿ ಇದೆ ಅಂದ."

"ಇನ್ನೊಂದ್ಸಲ ಹೇಳು."

ಹೇಳಿದೆ. ಅವಳು ಗರಿಗರಿ ಅಂಚಿನ ದೊಡ್ಡ ತುಂಡೊಂದನ್ನು ಬನ್ನಿಗೆ ತುಂಬಿ, ಸಾಲನ್ನೆಲ್ಲ ದಾಟಿಸಿ ನನ್ನ ಕೈಗಿತ್ತಳು. "ಸರದಿ, ಸರದಿ!" ಎಂದು ಎಲ್ಲರೂ ಬೊಬ್ಬೆ ಹೊಡೆದರು. ಅವಳಿಗೆ ಅದು ಕೇಳಿಸಲೇ ಇಲ್ಲ.