ಎಂಟಡಿ ದೂರದ ಶೀನಣ್ಣ

ಜನಕಪುರಿಯ ನಮ್ಮ ಮನೆಯ ಊಟದ ಮೇಜಿಗೆ ಎರಡು ಸೀಮೆಗಳಿವೆ. ಗೋಡೆಯ ಕಡೆಯ ಅರ್ಧದಲ್ಲಿ ಉಪ್ಪಿನಕಾಯಿ ಭರಣಿ, ನೀರಿನ ಹೂಜಿ, ನಮ್ಮವರ ಬಿಪಿ ಮಾತ್ರೆಗಳು. ಕಿಟಕಿಯ ಕಡೆಯ ಅರ್ಧದಲ್ಲಿ ನನ್ನ ಪುಟ್ಟ ಸ್ಕ್ರೂಡ್ರೈವರುಗಳು, ಸ್ಪಿರಿಟ್ಟಿನ ಶೀಷೆ, ಹಳೆಯ ಬನಿಯನ್ನಿನ ಮೆತ್ತನೆಯ ಚೂರುಗಳು, ಮತ್ತು ಯಾರದೋ ಅಪ್ಪನ ಅಥವಾ ಅಜ್ಜನ ಕಾಲದ, ಚಾವಿ ತಿರುಗಿಸಿ ಓಡಿಸುವ ಒಂದು ಸಿನಿಮಾ ಕ್ಯಾಮೆರಾ. ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತು ವರ್ಷ ಮಸೂರ ಒರೆಸಿ ನಿವೃತ್ತಳಾದ ಮೇಲೂ ಕೈ ಸುಮ್ಮನಿರಲೊಲ್ಲದೆ, ಹದಿನಾರು ಮಿಲಿಮೀಟರಿನ ಕಿರು ಫಿಲಮ್ಮು ನುಂಗುವ ಈ ಮುದಿ ಯಂತ್ರಗಳ ಕಣ್ಣು ರಿಪೇರಿ ಮಾಡುವ ಚಟ ಹತ್ತಿಕೊಂಡಿತು. ಸೀಮೋಲ್ಲಂಘನ ಒಮ್ಮೆ ನಡೆದಿದೆ, ಉಪ್ಪಿನಕಾಯಿ ಎಣ್ಣೆಯ ಕಡೆಯಿಂದ. ಅದರ ವಿಚಾರಣೆ ಇನ್ನೂ ಮುಗಿದಿಲ್ಲ.

ಈ ಕ್ಯಾಮೆರಾಗಳಿಗೂ ನನ್ನ ವಯಸ್ಸಿನವರಿಗೂ ಬರುವ ಕಾಯಿಲೆಗಳು ಒಂದೇ: ಕೀಲು ಹಿಡಿದುಕೊಳ್ಳುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಬಿಚ್ಚುವುದು, ಒರೆಸುವುದು, ಹೊಸ ಎಣ್ಣೆ ಸವರುವುದು ಯಾವುದೂ ಕಷ್ಟವಲ್ಲ. ಕಷ್ಟವಿರುವುದು ಮತ್ತೆ ಜೋಡಿಸುವುದರಲ್ಲಿ. ಮಸೂರವನ್ನು ಹಿಂದೆ ಮುಂದೆ ಸರಿಸುವ ಉಂಗುರವನ್ನು ಡಬ್ಬಿಯ ಮುಚ್ಚಳದ ಹಾಗೆ ಆರು ಕಡೆಯಿಂದ ಸುತ್ತಿ ಕೂರಿಸಬಹುದು. ಆರರಲ್ಲಿ ಐದು ತಪ್ಪು, ಒಂದೇ ಸರಿ. ಆದ್ದರಿಂದ ಬಿಚ್ಚುವಾಗ ಉಂಗುರ ಕಳಚಿಕೊಂಡ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದುಕೊಳ್ಳಬೇಕು ಎಂಬುದು ಈ ಕಸುಬಿನ ಮೊದಲ ಪಾಠ.

ಪ್ರಸನ್ನನ ಕ್ಯಾಮೆರಾ ಬಿಚ್ಚಿದ ದಿನ ನಾನು ಆ ಗೆರೆ ಎಳೆಯಲಿಲ್ಲ. ಕುಕ್ಕರು ಕೂಗಿತು, ಮನಸ್ಸು ಅತ್ತ ಹೋಯಿತು, ಉಂಗುರ ಕೈಗೆ ಬಂದಿತ್ತು.

ಪ್ರಸನ್ನ ಲಕ್ಷ್ಮೀ ನಗರದಲ್ಲಿ ಪುಟ್ಟದೊಂದು ಉಡುಪಿ ಹೋಟೆಲು ನಡೆಸುತ್ತಾನೆ. ಹುಟ್ಟಿ ಬೆಳೆದದ್ದೆಲ್ಲ ದಿಲ್ಲಿಯಲ್ಲೇ. ಹೋಟೆಲು ತೆರೆದ ದಿನ ಅವನ ತಂದೆ ಇದೇ ಕ್ಯಾಮೆರಾದಲ್ಲಿ ಮೊದಲ ದೋಸೆಯನ್ನು ಚಿತ್ರಿಸಿದ್ದರಂತೆ. ಅದನ್ನು ಹುಯ್ದವನು ಆಗ ತಲೆತುಂಬ ಕೂದಲಿದ್ದ ಶೀನಣ್ಣ. ನಲವತ್ತು ವರ್ಷ ಹತ್ತಿರ ಹತ್ತಿರ ಅದೇ ಕಾವಲಿಯ ಮುಂದೆ ನಿಂತ ಆ ಶೀನಣ್ಣ ಈಗ ಬರುವ ಸೋಮವಾರದ ರೈಲಿಗೆ ಕುಂದಾಪುರಕ್ಕೆ ಹೊರಟಿದ್ದ, ಮತ್ತೆ ಬರದ ಹಾಗೆ.

"ಮೊದಲನೇ ದೋಸೆ ಅಪ್ಪ ತೆಗೆದದ್ದು. ಕೊನೇದು ಇದೇ ಕ್ಯಾಮೆರಾದಲ್ಲಿ ನಾನು ತೆಗೀಬೇಕು ಆಂಟಿ. ಮೊಬೈಲಲ್ಲಿ ವೋ ಬಾತ್ ನಹೀಂ, ಆ ಮಜಾ ಬರಲ್ಲ" ಎಂದಿದ್ದ ಪ್ರಸನ್ನ. ಅವನ ಬಳಿ ಇದ್ದದ್ದು ಒಂದೇ ರೀಲು, ಮೂರು ನಿಮಿಷವೂ ಓಡದು. ಶೀನಣ್ಣ ಹೋದ ಮೇಲೆ ಕಾವಲಿಗೆ ಯಾರಪ್ಪಾ ಎಂದರೆ, "ನಾನೇ. ಕಲೀತಾ ಇದೀನಿ" ಎಂದು ನಾಚಿಕೊಂಡ.

ತಪ್ಪಿದ ಉಂಗುರಕ್ಕೆ ಮದ್ದಿಲ್ಲವೆಂದಲ್ಲ. ಅದರ ಮೇಲೆ ಅಡಿಗಳ ಲೆಕ್ಕದಲ್ಲಿ ಗುರುತುಗಳಿರುತ್ತವೆ, ಕೊನೆಯದು ಅನಂತದ ಗುರುತು. ಅಲ್ಲಿಗೆ ತಿರುಗಿಸಿ ಬಲು ದೂರದ ವಸ್ತುವೊಂದನ್ನು ನೋಡಿದಾಗ ಅದು ಸ್ಪಷ್ಟವಾಗಿ ಕಂಡರೆ ಉಂಗುರ ಸರಿಯಾಗಿ ಕೂತಿದೆ ಎಂದರ್ಥ. ನಮ್ಮ ತಾರಸಿಯಿಂದ ಎರಡು ಮೈಲಿ ಆಚೆಯ ಟವರೊಂದು ನನಗೆ ಈ ಉಪಕಾರ ಮಾಡುತ್ತಾ ಬಂದಿದೆ. ಆದರೆ ಅದು ನವೆಂಬರು ನೋಡಿ. ಹೊಗೆ ಕವಿದ ಆ ದಿನಗಳಲ್ಲಿ ದಿಲ್ಲಿಯ ಅನಂತವೆಂದರೆ ಪಕ್ಕದ ಮನೆಯ ನೀರಿನ ಟ್ಯಾಂಕಿನವರೆಗೆ ಅಷ್ಟೆ. ಮೂರು ಬೆಳಗು ಮೂಗಿಗೆ ಮಾಸ್ಕು ಕಟ್ಟಿ ಹತ್ತಿದೆ, ಮೂರು ಬೆಳಗೂ ಬರಿಗೈಯಲ್ಲಿ ಇಳಿದೆ. "ಏನು, ನಿನ್ನ ಅನಂತ ಇವತ್ತೂ ರಜೆಯೇ?" ಎಂದು ನಮ್ಮವರು ಕಾಫಿ ಹೀರುತ್ತಾ ಕೇಳಿದರು. ನನಗೆ ನಗು ಬರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಇಲ್ಲಿ ಮಾಡಿದವಳು ನಾನು, ಉಣ್ಣಬೇಕಾದವನು ಪ್ರಸನ್ನ, ಅದೇ ಸಂಕಟ.

ಶನಿವಾರ ಮಧ್ಯಾಹ್ನ ನಾಚಿಕೆ ಬಿಟ್ಟು ಫೋನು ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ. ಅವನು, "ಅಚ್ಛಾ... ಆದ್ರೆ ಆಂಟಿ, ಶೀನಣ್ಣ ಅಷ್ಟು ದೂರ ಇಲ್ವಲ್ಲ. ಕಾವಲಿಯಿಂದ ಬಾಗಿಲಿಗೆ ಎಂಟೇ ಅಡಿ" ಎಂದ.

ಮೂವತ್ತು ವರ್ಷದ ನನ್ನ ಲ್ಯಾಬಿಗೆ ಹೊಳೆಯದ್ದು ಅವನಿಗೆ ಹೊಳೆದಿತ್ತು. ಎಂಟಡಿಯ ಗುರುತಿಗೆ ತಿರುಗಿಸಿದಾಗ ಎಂಟಡಿ ದೂರದ ಮನುಷ್ಯ ಸ್ಪಷ್ಟವಾಗಿ ಕಂಡರೂ ಉಂಗುರ ಸರಿಯೆಂದೇ ಲೆಕ್ಕ. ನಾನು ದೂರವನ್ನೇ ಹಠ ಹಿಡಿದು ಕೂತಿದ್ದೆ. ಈ ಹಠ ನನಗೆ ಹೊಸದೂ ಅಲ್ಲ ಬಿಡಿ. ಮದುವೆಯಾಗಿ ಸರೋಜಿನಿ ನಗರದ ಕ್ವಾರ್ಟರ್ಸಿಗೆ ಬಂದ ಹೊಸದರಲ್ಲಿ ಜೀವವೆಲ್ಲ ತವರಿನ ಅಂಚೆಯ ಮೇಲಿತ್ತು. ಎದುರು ಮನೆಯ ಪಂಜಾಬಿ ಹೆಂಗಸು ದಿನಾ ನಕ್ಕರೂ ಅವಳ ಮುಖವನ್ನು ನಾನು ಎರಡು ವರ್ಷ ನೆಟ್ಟಗೆ ನೋಡಿರಲಿಲ್ಲ. ಮಗಳು ಹುಟ್ಟಿದಾಗ ರೈಲು ತಪ್ಪಿ ಅಮ್ಮ ತಡವಾಗಿ ಬಂದಳು. ಅಷ್ಟೂ ದಿನ ನನಗೆ ಬಿಸಿನೀರು ಕಾಯಿಸಿ, ಬಿಸಿಯನ್ನ ಮಾಡಿ ಬಡಿಸಿದವಳು ಆ ಎದುರು ಮನೆಯವಳೇ. ಅವಳ ಎಡಗೆನ್ನೆಯಲ್ಲಿ ಒಂದು ಗುಳಿ ಬೀಳುತ್ತಿತ್ತೆಂದು ನನಗೆ ಗೊತ್ತಾದದ್ದು ಆಗ.

ಭಾನುವಾರ ಬೆಳಿಗ್ಗೆ ಟ್ರೈಪಾಡು ಹೊತ್ತು ಮೆಟ್ರೋ ಹತ್ತಿ ಲಕ್ಷ್ಮೀ ನಗರಕ್ಕೆ ಹೋದೆ. ಪ್ರಸನ್ನ ಟೇಪು ಹಿಡಿದು ಎಂಟಡಿ ಅಳೆದ. ಫಿಲಮ್ಮು ಕೂರುವ ಜಾಗದಲ್ಲಿ ಉಜ್ಜಿ ಮಂಕು ಮಾಡಿದ ಗಾಜಿನ ಚೂರೊಂದನ್ನಿಟ್ಟರೆ, ಮಸೂರ ಕಂಡದ್ದೆಲ್ಲ ಅದರ ಮೇಲೆ ಉಗುರಿನಷ್ಟಗಲ ತಲೆಕೆಳಗಾಗಿ ಮೂಡುತ್ತದೆ. ಅದನ್ನು ಭೂತಗನ್ನಡಿಯಲ್ಲಿ ನೋಡುವುದು. ಶೀನಣ್ಣನಿಗೆ ಅಲುಗಾಡದೆ ನಿಲ್ಲಲು ಹೇಳಿದೆ.

"ಸುಮ್ಮನೆ ನಿಂತು ಎಂತ ಮಾಡುದು ಅಮ್ಮ, ಕಾವಲಿ ಕಾದಿದೆ" ಎಂದು ಅವನು ದೋಸೆ ಹುಯ್ಯತೊಡಗಿದ. ಹುಯ್ಯಲಿ ಎಂದು ಬಿಟ್ಟೆ. ಒಂದು, ಎರಡು, ಮೂರು ಕಡೆಯಿಂದ ಉಂಗುರ ಕೂರಿಸಿದರೂ ಗಾಜಿನ ಮೇಲೆ ಬರೀ ಮಂಜು. ನಾಲ್ಕನೆಯದಕ್ಕೆ ಮಂಜು ಸರಿದು ಸೌಟಿನ ಅಂಚು, ನರೆತ ಹುಬ್ಬು, ಹೆಗಲ ಮೇಲಿನ ಕೆಂಪು ಗೆರೆಯ ಬೈರಾಸು ಒಂದೊಂದಾಗಿ ಎದ್ದು ಬಂದವು. ನನ್ನ ಕಣ್ಣು ತುಂಬಿತು, ಹೇಳಿಕೊಳ್ಳಲು ಸಂಕೋಚವೇನೂ ಇಲ್ಲ.

ರೀಲು ಹಾಕುವ ಮೊದಲು ತಾನೂ ಒಮ್ಮೆ ನೋಡುತ್ತೇನೆಂದ ಶೀನಣ್ಣ. ನೋಡಲು ಅಲ್ಲಿ ಯಾರಾದರೂ ನಿಲ್ಲಬೇಕಲ್ಲ. ಪ್ರಸನ್ನ ಹೋಗಿ ಕಾವಲಿಯ ಮುಂದೆ ನಿಂತು, ಸೌಟು ಹಿಡಿದು ಒಂದು ದೋಸೆ ಹುಯ್ದ. ಶೀನಣ್ಣ ಬಗ್ಗಿ ಭೂತಗನ್ನಡಿಗೆ ಕಣ್ಣಿಟ್ಟವನು ಏಳಲೇ ಇಲ್ಲ.

"ಕೈ ಅವಸರ ಮಾಡ್ತಾ ಉಂಟು. ನಡುವಿನಿಂದ ಮೆಲ್ಲ ತಿರುಗಿಸು ಮಾರಾಯ" ಎಂದ, ಕಣ್ಣು ತೆಗೆಯದೆ.

ಅತ್ತ ಪ್ರಸನ್ನನ ಕೈ ನಿಧಾನವಾಯಿತು. ಶೀನಣ್ಣ ಇನ್ನೊಂದು ಹುಯ್ಯಿಸಿದ, ಮತ್ತೊಂದು ಹುಯ್ಯಿಸಿದ. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, ಬೈರಾಸಿನಲ್ಲಿ ಮುಖ ಒರೆಸಿಕೊಂಡು, ಕ್ಯಾಮೆರಾದ ಗುಂಡಿ ಎಲ್ಲಿದೆ, ಹೇಗೆ ಒತ್ತುವುದು ಎಂದು ನನ್ನಿಂದ ಕೇಳಿ ತಿಳಿದುಕೊಂಡ.

"ನನ್ನದು ಅರ್ಧ ರೀಲು ಸಾಕು ಅಮ್ಮ. ಇನ್ನರ್ಧ ಇವನದ್ದು, ನಾನೇ ತೆಗೀತೇನೆ. ನಾಳೆಯಿಂದ ಜನ ತಿನ್ನುದು ಇವನ ಕೈಯದ್ದಲ್ವಾ?"