ಹೆಸರಿಲ್ಲದ ಓದುಗ: ಗುಬ್ಬಿಯ ಖಲೀಲುಲ್ಲಾ ಮೇಷ್ಟ್ರು

ಬೆಳಗಿನ ನಮಾಜು ಮುಗಿಸಿ ಬಂದ ಖಲೀಲುಲ್ಲಾ ಮೇಷ್ಟ್ರು ಟೋಪಿಯನ್ನು ಮೊಳೆಗೆ ನೇತುಹಾಕಿ, ಕಿಟಕಿಯ ಪಕ್ಕ ಚಾಪೆಯ ಮೇಲೆ ಕೂರುತ್ತಾರೆ. ಗುಬ್ಬಿ ಪೇಟೆ ಇನ್ನೂ ಬಾಗಿಲು ತೆಗೆದಿಲ್ಲ. ಅವರ ಮುಂದೆ ಟೈಪ್ ಮಾಡಿದ ಹಾಳೆಗಳ ಕಟ್ಟೊಂದಿದೆ. ಅದರ ಮೇಲೆ ಬರೆದವರ ಹೆಸರಿಲ್ಲ. ಹೆಂಡತಿ ಹಜರಾ ಬೀ ಚಹಾ ತಂದಿಟ್ಟು, "ತಣ್ಣಗಾದ್ರೆ ಇನ್ನೊಂದ್ಸಲ ಕಾಯ್ಸಲ್ಲ, ಈಗ್ಲೇ ಹೇಳಿದೀನಿ" ಎಂದು ಒಳಗೆ ಹೋಗುತ್ತಾರೆ. ಚಹಾ ತಣ್ಣಗಾಗುತ್ತದೆ. ಮೇಷ್ಟ್ರು ಹಾಳೆ ತಿರುವುತ್ತಲೇ ಇದ್ದಾರೆ. ಕೈಯಲ್ಲಿ ಪೆನ್ಸಿಲ್ ಕೂಡ ಇಲ್ಲ.

"ಮೊದಲ್ನೇ ಸಲ ಓದೋವಾಗ ಪೆನ್ಸಿಲ್ ಮುಟ್ಟಲ್ಲ ಸಾರ್. ಅದು ಕೈಲಿದ್ರೆ ಬರೀ ತಪ್ಪೇ ಕಾಣ್ತವೆ. ಬರೆದವ್ರು ಏನ್ ಹೇಳೋಕೆ ಹೊಂಟವ್ರೆ ಅನ್ನೋದು ಕಾಣಲ್ಲ" ಎನ್ನುತ್ತಾರೆ ಅವರು.

ಮೇಷ್ಟ್ರು ಗುಬ್ಬಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಾರೆ. ಅದು ಊರಿಗೆಲ್ಲ ಗೊತ್ತು. ಊರಿಗೆ ಗೊತ್ತಿಲ್ಲದ ಕೆಲಸ ಇನ್ನೊಂದಿದೆ. ವಿಜ್ಞಾನದ ಪತ್ರಿಕೆಗಳಿಗೆ ಯಾರಾದರೂ ಸಂಶೋಧನೆಯ ಲೇಖನ ಕಳಿಸಿದರೆ, ಸಂಪಾದಕರು ಅದನ್ನು ಕೂಡಲೇ ಅಚ್ಚು ಹಾಕುವುದಿಲ್ಲ. ಆ ವಿಷಯ ಬಲ್ಲ ಒಬ್ಬಿಬ್ಬರಿಗೆ ಕಳಿಸುತ್ತಾರೆ. ಅವರು ಓದಿ, ಎಲ್ಲಿ ಸರಿಯಿದೆ, ಎಲ್ಲಿ ಸಾಲದು ಎಂದು ಬರೆದು ಹಿಂದಿರುಗಿಸಬೇಕು. ಹೀಗೆ ಓದುವವರನ್ನು ರೆಫರಿ ಎನ್ನುತ್ತಾರೆ. ಇದಕ್ಕೆ ಸಂಬಳವಿಲ್ಲ, ಹೆಸರೂ ಹಾಕುವುದಿಲ್ಲ. ಬರೆದವರಿಗೆ ಓದಿದವರು ಯಾರೆಂದು ತಿಳಿಯಬಾರದು ಎಂಬುದೇ ಈ ಕೆಲಸದ ಕಟ್ಟಳೆ. ವರ್ಷಕ್ಕೆ ಎಂಟೋ ಹತ್ತೋ ಕಟ್ಟುಗಳು ಮೇಷ್ಟ್ರ ಮನೆಗೆ ಬರುತ್ತವೆ. ನಾನು ಅವರ ಬಗ್ಗೆ ಬರೆಯುತ್ತೇನೆಂದಾಗ ಅವರು ಹಾಕಿದ ಷರತ್ತು ಒಂದೇ, ಪತ್ರಿಕೆಯ ಹೆಸರು ಬರೆಯಬಾರದು.

"ಪಕ್ಕದ್ಮನೆ ಆಂಜನಪ್ಪ ಕೇಳ್ತಾರೆ, ಏನ್ ಸಾಬ್ರೇ, ರೆಫರಿ ಅಂತೀರಿ, ಒಂದಿನಾನೂ ಸೀಟಿ ಊದಿದ್ದು ಕಾಣೆ ಅಂತ" ಎಂದು ಹಜರಾ ಬೀ ಒಳಗಿನಿಂದಲೇ ನಗುತ್ತಾರೆ.

ಮೇಷ್ಟ್ರ ತಂದೆ ಲಾಲ್ ಸಾಬ್ ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರಿ. ಓದು ಅವರಿಗೆ ಅಷ್ಟಕ್ಕಷ್ಟೆ. ಆದರೆ ಮಗ ಈ ಕೆಲಸದ ಮೊದಲ ಪಾಠ ಕಲಿತದ್ದು ಅವರ ಅಂಗಡಿಯಲ್ಲೇ. "ಮೂಟೆ ಬಾಯಲ್ಲಿ ಎಲ್ರೂ ಒಳ್ಳೇ ಕೊಬ್ಬರೀನೇ ಇಟ್ಟಿರ್ತಾರೆ. ನಮ್ಮ ಅಬ್ಬಾ ತಳದಿಂದ ತೆಗೆಸೋರು. ಕೆಟ್ಟಿದ್ದು ಸಿಕ್ರೆ ಮೂಟೆ ಎಸೀತಾ ಇರ್ಲಿಲ್ಲ. ಇಷ್ಟು ಬೇರೆ ಮಾಡ್ಕೊಂಡ್ ಬಾ, ಮಿಕ್ಕಿದ್ದು ತಗೋತೀನಿ ಅನ್ನೋರು. ನಾನೂ ಲೇಖನದ ಮುನ್ನುಡಿ ಆಮೇಲೆ ಓದ್ತೀನಿ. ಮೊದ್ಲು ಎಣಿಸಿದ ಲೆಕ್ಕ ಎಲ್ಲೈತೆ, ಹೆಂಗೆ ಎಣಿಸಿದ್ರು, ಅದನ್ನ ನೋಡ್ತೀನಿ."

ಎರಡನೆಯ ಪಾಠ ಅಷ್ಟು ಸುಲಭವಾಗಿ ಸಿಗಲಿಲ್ಲ. ಎಪ್ಪತ್ತನಾಲ್ಕರಲ್ಲಿ ಗುಬ್ಬಿ ಕೆರೆಯ ಮೀನುಗಳ ಮೇಲೆ ಬರೆದ ಅವರ ಮೊದಲ ಲೇಖನ ವಾಪಸು ಬಂತು. ಜೊತೆಗೆ ಮೂರು ಪುಟ ಟೀಕೆ. ಸಿಟ್ಟಿಗೆ ಅದನ್ನು ಟ್ರಂಕಿನ ತಳಕ್ಕೆ ಹಾಕಿದರು. ಒಂದು ವರ್ಷ ಕಳೆದ ಮೇಲೆ ತೆಗೆದು ಓದಿದಾಗ, ಅದರಲ್ಲಿ ಬೈಗುಳವೇ ಇರಲಿಲ್ಲ. ಯಾವ ಬಲೆ ಹಾಕಿದ್ರಿ, ಅದರ ಕಣ್ಣು ಎಷ್ಟು ಅಗಲ, ಸಣ್ಣ ಮೀನು ತಪ್ಪಿಸಿಕೊಂಡಿರಬಹುದಲ್ಲವೇ, ಹೀಗೆ ಯಾರೋ ಪಕ್ಕದಲ್ಲಿ ಕೂತು ಕೇಳಿದ ಹಾಗಿತ್ತು.

"ಅವ್ರು ಯಾರು, ಎಲ್ಲಿಯೋರು, ಇವತ್ತಿಗೂ ಗೊತ್ತಿಲ್ಲ. ಇದ್ದಾರೋ ಇಲ್ವೋ. ಮುಖ ನೋಡದ ಮನುಷ್ಯನಿಗೋಸ್ಕರ ಮೂರು ಪುಟ ಬರೆದವ್ರೆ. ನಮಾಜಲ್ಲಿ ಹೆಸರು ಹೇಳ್ದೇನೇ ಅವ್ರಿಗೆ ದುವಾ ಮಾಡ್ತೀನಿ" ಎನ್ನುವಾಗ ಮೇಷ್ಟ್ರ ದನಿ ತಗ್ಗುತ್ತದೆ.

ಮೂರು ವರ್ಷದ ಹಿಂದಿನ ಒಂದು ಪ್ರಸಂಗವನ್ನು ಹೇಳದಿದ್ದರೆ ಇವರ ಪರಿಚಯ ಪೂರ್ತಿಯಾಗುವುದಿಲ್ಲ. ಅದು ಎಂಬತ್ತನಾಲ್ಕು. ತೆಂಗಿನ ಗರಿ ತಿನ್ನುವ ಕಪ್ಪುತಲೆ ಹುಳುವಿನ ಬಗ್ಗೆ ಒಂದು ಲೇಖನ ಓದಿ, ಟೀಕೆ ಬರೆದು ಕಳಿಸಿದ್ದರು. ತಿಂಗಳು ಕಳೆದ ಮೇಲೆ ಒಂದು ಭಾನುವಾರ ಅವರ ಹಳೆಯ ವಿದ್ಯಾರ್ಥಿನಿ ಪುಟ್ಟಗಂಗಮ್ಮ ಬಸ್ಸಿಳಿದು ಮನೆಗೆ ಬಂದಳು. ಹಾಗಲವಾಡಿಯ ಹುಡುಗಿ, ಆಗ ಕುಣಿಗಲಿನಲ್ಲಿ ಹಂಗಾಮಿ ಲೆಕ್ಚರರ್. ಡಾಕ್ಟರೇಟಿಗೆ ಓದುತ್ತಿದ್ದಾಳೆಂಬುದು ಮೇಷ್ಟ್ರಿಗೆ ತಿಳಿದಿರಲಿಲ್ಲ.

"ಸಾರ್, ವರ್ಷ ಮುಗಿಯೋದ್ರೊಳಗೆ ಒಂದು ಲೇಖನ ಒಪ್ಕೊಂಡ್ರು ಅಂತ ತೋರಿಸ್ಲಿಲ್ಲ ಅಂದ್ರೆ ನನ್ ರಿಜಿಸ್ಟ್ರೇಷನ್ ಹೋಗ್ತದೆ. ಇಲ್ನೋಡಿ, ಯಾವನೋ ಪುಣ್ಯಾತ್ಮ ಹೆಂಗೆ ಬರೆದವ್ನೆ" ಎಂದು ಚೀಲದಿಂದ ಹಾಳೆ ತೆಗೆದಳು. ಅದು ಮೇಷ್ಟ್ರು ತಾವೇ ಬರೆದು ಕಳಿಸಿದ್ದ ಟೀಕೆ.

"ಹುಳು ಎಣಿಸಿದ್ದು ಯಾವ ಗರಿಯಲ್ಲಿ ಅಂತ ಕೇಳವ್ನೆ ಸಾರ್! ಯಾವ ಗರಿ ಅಂದ್ರೆ? ತೆಂಗಿನ ಗರಿ! ಫ್ಯಾನ್ ಕೆಳಗೆ ಕೂತು ಬರೆಯೋರಿಗೆ ಮರ ಹೆಂಗಿರ್ತದೆ ಅಂತ ಗೊತ್ತಾ?"

ಅಡುಗೆಮನೆಯಲ್ಲಿ ಹಜರಾ ಬೀ ಸೆರಗು ಬಾಯಿಗೆ ಒತ್ತಿಕೊಂಡರಂತೆ. "ಅದ್ರ ಹಿಂದಿನ ತಿಂಗಳು ಇವ್ರು 'ಯಾವ ಗರಿ, ಯಾವ ಗರಿ' ಅಂತ ಮನೆಯೆಲ್ಲ ಓಡಾಡಿದ್ದು ನಾನು ಕೇಳಿರ್ಲಿಲ್ವಾ? ನಗು ತಡೆಯೋಕಾಗ್ಲಿಲ್ಲ. ಹೊರಗೆ ಬಂದು, ಪಾಪ ಹಂಗನ್ಬೇಡಮ್ಮ, ಅವ್ರಿಗೂ ಹೆಂಡ್ತಿ ಮಕ್ಳು ಇರ್ತಾರೆ ಅಂದೆ. ಇವ್ರು ನನ್ನ ನೋಡಿದ ನೋಟ ಇತ್ತಲ್ಲ!"

ನಗೆ ಹಾಗಿರಲಿ, ಮೇಷ್ಟ್ರಿಗೆ ಉಗುಳಲೂ ಆಗದ, ನುಂಗಲೂ ಆಗದ ಸ್ಥಿತಿ. ಆ ರೆಫರಿ ನಾನೇ ಎಂದರೆ ಕಟ್ಟಳೆ ಮುರಿದ ಹಾಗೆ. ಹೇಳದೆ ಉತ್ತರ ಬರೆಸಿ, ಅದೇ ಉತ್ತರವನ್ನು ತಾವೇ ಒಪ್ಪಿದರೆ ಮೋಸ. ಕೈಬಿಟ್ಟರೆ ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತದೆ. "ಎರಡು ವಾರ ಬಿಟ್ಟು ಬಾರಮ್ಮ. ಅಲ್ಲೀವರ್ಗೂ ಒಂದಕ್ಷರ ಉತ್ತರ ಬರೀಬೇಡ" ಎಂದಷ್ಟೇ ಹೇಳಿದರು. ಅವಳು ಮುಖ ಸಣ್ಣದು ಮಾಡಿಕೊಂಡು ಹೋದಳು. ಅವತ್ತೇ ಸಂಪಾದಕರಿಗೆ ಬರೆದರು. ಬರೆದಾಕೆ ನನ್ನ ಶಿಷ್ಯೆ ಎಂದು ಈಗ ಗೊತ್ತಾಗಿದೆ, ತಿದ್ದಿದ ಲೇಖನವನ್ನು ಬೇರೆಯವರಿಗೆ ಕಳಿಸಿ, ನಾನು ಆಕೆಗೆ ಉತ್ತರ ಬರೆಯಲು ಕಲಿಸುತ್ತೇನೆ, ತೀರ್ಪು ನನ್ನದು ಬೇಡ. ಆಗಲಿ ಎಂದು ಸಂಪಾದಕರ ಕಾರ್ಡು ಬಂತು.

ಅವಳು ಮತ್ತೆ ಬಂದಾಗ ಮೇಷ್ಟ್ರು ಕೇಳಿದ್ದು ಒಂದೇ ಮಾತು. "ಆ ಗರಿಗಳ್ನ ಮರದಿಂದ ಇಳಿಸಿದ್ದು ಯಾರಮ್ಮ?"

"ನಮ್ಮೂರ ಚಿಕ್ಕಬೋರಯ್ಯ ಸಾರ್. ಹಸಿ ಗರಿ ಕೊಯ್ಯೋಕೆ ತೋಟದೋರು ಬಿಡ್ತಾರಾ? ಮರ ಸೊರಗ್ತದೆ ಅಂತಾರೆ. ಒಣಗೋಕೆ ಬಂದಿದ್ದ ಕೆಳಗಿನ ಗರೀನೇ ಇಳಿಸ್ಕೊಡ್ತಿದ್ದ..." ಎನ್ನುತ್ತಲೇ ತಲೆ ಮೇಲೆ ಕೈಯಿಟ್ಟುಕೊಂಡಳು. ಕೆಳಗಿನ ಮುದಿ ಗರಿಯ ಹುಳು ಮಾತ್ರ ಎಣಿಸಿ, ಮರಕ್ಕೆ ಮರವೇ ಹುಳು ಹಿಡಿದಿದೆ ಎಂದು ಬರೆದಿದ್ದಳು.

ಅಲ್ಲಿಂದ ಪಾಠ ಶುರುವಾಯಿತು. ಕೇಳಿದ ಪ್ರಶ್ನೆಯನ್ನು ಅವರ ಮಾತಲ್ಲೇ ಮೇಲೆ ಬರೆ. ಕೆಳಗೆ ನೀನು ಏನು ಮಾಡಿದೆ, ಎಷ್ಟನೇ ಪುಟದಲ್ಲಿ ತಿದ್ದಿದೆ, ಅದನ್ನು ಬರೆ. ಸಿಟ್ಟು ಬಂದ ಪ್ರಶ್ನೆಗೆ ಎಲ್ಲಕ್ಕಿಂತ ಕೊನೆಗೆ ಉತ್ತರ ಬರೆ. ಒಪ್ಪದಿದ್ದರೆ ಒಪ್ಪುವುದಿಲ್ಲ ಎನ್ನು, ಆದರೆ ಕಾರಣ ಕೊಡು.

ಅವಳು ಒಂದನ್ನು ಒಪ್ಪಲೇ ಇಲ್ಲ. ಮಳೆಗಾಲದಲ್ಲಿ ಯಾಕೆ ಎಣಿಸಲಿಲ್ಲ ಎಂದು ರೆಫರಿ ಕೇಳಿದ್ದರು. "ಪಾಚಿ ಕಟ್ಟಿದ ಮರ ಸಾರ್, ಚಿಕ್ಕಬೋರಯ್ಯ ಜಾರಿ ಬಿದ್ರೆ ಅವ್ನ ಹೆಂಡ್ತೀಗೆ ನಾನೇನ್ ಹೇಳ್ಲಿ? ಇದು ಕೇಳೋ ಪ್ರಶ್ನೇನಾ?" ಮೇಷ್ಟ್ರು, "ಹಂಗೇ ಬರಿ. ಮಳೆಗಾಲದ ಲೆಕ್ಕ ಇಲ್ಲ, ಕಾರಣ ಇದು, ಆ ದಿನಗಳ ಬಗ್ಗೆ ನಾನೇನೂ ಹೇಳಲ್ಲ ಅಂತ" ಎಂದರು. ತಮ್ಮ ಪ್ರಶ್ನೆಯೇ ಯೋಚನೆಯಿಲ್ಲದ್ದು ಎಂದು ಅವರಿಗೆ ಆಗ ಅರಿವಾಯಿತು. "ಆ ರೆಫರಿ ನಾನೇ ಅಂತ ಹೇಳಿದ್ರೆ ಎಲ್ಲಾದಕ್ಕೂ ಹೂಂ ಅಂದ್ಬಿಡೋಳು. ಅವ್ಳು ಜಗಳ ಆಡಿದ್ದೇ ಒಳ್ಳೇದಾಯ್ತು" ಎನ್ನುತ್ತಾರೆ ಈಗ.

ಹಾಗಲವಾಡಿಯಲ್ಲಿ ಹಳೆಯ ಮರಗಳನ್ನು ಕಡಿಸಲು ಹೊರಟಿದ್ದ ತೋಟವೊಂದು ಸಿಕ್ಕಿತು. ಕಡಿಯುವ ಮುಂಚೆ ಚಿಕ್ಕಬೋರಯ್ಯ ಮೇಲಿನ ಹಸಿ ಗರಿಯಿಂದ ಕೆಳಗಿನದರವರೆಗೆ ಒಂದೊಂದನ್ನೂ ಇಳಿಸಿಕೊಟ್ಟ. ಹುಳು ಬಹುಪಾಲು ಕೆಳಗಿನ ಗರಿಗಳಲ್ಲೇ ಇತ್ತು. ಹಾಗಾದರೆ ಔಷಧಿ ಹೊಡೆಯುವ ಮೊದಲು ಆ ಗರಿಗಳನ್ನು ಕೊಯ್ದು ಸುಟ್ಟು ನೋಡಬಹುದಲ್ಲ! ಲೇಖನದ ತೀರ್ಮಾನವೇ ಬದಲಾಯಿತು. ಹೊಸ ರೆಫರಿ ಇನ್ನೂ ಎರಡು ಪ್ರಶ್ನೆ ಕೇಳಿದರು. ಅವಕ್ಕೆ ಪುಟ್ಟಗಂಗಮ್ಮ ಗುಬ್ಬಿಗೆ ಬಾರದೆ ಒಬ್ಬಳೇ ಉತ್ತರ ಬರೆದಳು. ಡಿಸೆಂಬರಿನಲ್ಲಿ ಒಪ್ಪಿಗೆ ಬಂತು, ರಿಜಿಸ್ಟ್ರೇಷನ್ ಉಳಿಯಿತು.

ಅಚ್ಚಾದ ಲೇಖನದ ಕೊನೆಯಲ್ಲಿ ಅವಳು ಚಿಕ್ಕಬೋರಯ್ಯನಿಗೂ, ಹೆಸರು ತಿಳಿಯದ ರೆಫರಿಗಳಿಗೂ ವಂದನೆ ಬರೆದಿದ್ದಾಳೆ. ಅದು ಕೈಗೆ ಬಂದ ದಿನ ಮೇಷ್ಟ್ರು ಅವಳಿಗೆ ನಿಜ ಹೇಳಿದರು. "ಸಾರ್ ಹಂಗಂದಿದ್ದೇ ತಡ, ನಾನು ಬೈದಿದ್ದೆಲ್ಲ ಒಂದೊಂದಾಗಿ ನೆನಪಾಯ್ತು. ಆಮೇಲೆ ಸಾರ್ ಕಾಲು ಮುಟ್ಟಿದೆ. ಅವ್ರು ಪತ್ರ ಬರೆದು ತಾವೇ ಹಿಂದೆ ಸರೀದೆ ಇದ್ದಿದ್ರೆ, ಇದು ನಾನು ಗೆದ್ದಿದ್ದು ಅಂತ ನಂಗೇ ನಂಬಿಕೆ ಇರ್ತಿರ್ಲಿಲ್ಲ" ಎನ್ನುತ್ತಾಳೆ ಪುಟ್ಟಗಂಗಮ್ಮ.

ಈಗ ಅವಳಿಗೂ ಕಟ್ಟುಗಳು ಬರತೊಡಗಿವೆ. ಮೊದಲನೆಯದನ್ನು ಎದೆಗವಚಿಕೊಂಡು ಗುಬ್ಬಿಗೇ ತಂದಳಂತೆ. ಮೇಷ್ಟ್ರು ಬಿಚ್ಚಲು ಬಿಡಲಿಲ್ಲ. "ನಿನ್ನ ನಂಬಿ ಕಳಿಸವ್ರೆ, ನಂಗ್ಯಾಕೆ ತೋರಿಸ್ತೀಯ?" ಎಂದು ಊಟ ಹಾಕಿಸಿ ಕುಣಿಗಲ್ ಬಸ್ಸಿಗೆ ಹತ್ತಿಸಿದರು.

ಅವಳು ಅದರಲ್ಲಿ ಏನು ಬರೆದಿರಬಹುದು ಎಂದು ಕೇಳಿದೆ.

"ನಂಗೇನ್ ಗೊತ್ತು ಸಾರ್? ತಿಳ್ಕೊಳೋದೂ ಬೇಡ. ಅದನ್ನ ಓದಿ ಯಾರೋ ಒಬ್ರು ಎಲ್ಲೋ ಬೈಕೊಂಡು ಕೂತಿರ್ತಾರೆ. ಸಿಟ್ಟಿಳಿದ ಮೇಲೆ ಎದ್ದು ಇನ್ನೊಂದ್ಸಲ ತೋಟಕ್ಕೆ ಹೋಗಿ ಎಣಿಸ್ಕೊಂಡ್ ಬಂದ್ರೆ ಸಾಕು."