ದೀಪಸ್ತಂಭದಲ್ಲಿ ಹುಟ್ಟಿದ ಲುಸಿಂಗಕ್ಕ

ನಮ್ಮ ಸಾಂತಾ ಆನಾ ಊರಿನ ದರ್ಜಿ ಲುಸಿಂಗಕ್ಕ ಹುಟ್ಟಿದ್ದು ಪಲಾವಿ ದ್ವೀಪದ ತುದಿಯ ದೀಪಸ್ತಂಭದಲ್ಲಿ. ಅವಳಪ್ಪ ಅಲ್ಲಿ ದೀಪ ಹಚ್ಚುತ್ತಿದ್ದ. ತಾನೇ ಉರಿಯುವ ದೀಪ ಬಂದ ಮೇಲೆ ಸಂಸಾರ ಊರು ಸೇರಿತು. ಆಮೇಲೆ ಅವಳು ಆ ಕಡೆ ಹೋಗಲೇ ಇಲ್ಲ.

ಕಳೆದ ಬೇಸಿಗೆಯ ಒಂದು ಶನಿವಾರ ಅವಳ ಗೆಳತಿಯರಾದ ನಾನು, ದೋಲಿಂಗ್ ಇಬ್ಬರೂ ಅವಳನ್ನು ಹೊರಡಿಸಿಯೇಬಿಟ್ಟೆವು. ದೋಣಿಯಿಳಿದು ಕಡಲಂಚಿನ ಬಂಡೆಗಳ ಮೇಲೆ ನಡೆಯುವಾಗ ದೋಲಿಂಗ್ ಏದುಸಿರು ಬಿಡುತ್ತಾ, "ಇಲ್ಲಿಂದ ದಿನಾ ಶಾಲೆಗೆ ಹೋಗ್ತಿದ್ಯಾ ಅಕ್ಕಾ?" ಎಂದಳು.

"ದಿನಾ ಹೋಗಿದ್ರೆ ನಿನ್ನ ಲಂಗ ಹೊಲೀತಾ ಕೂತಿರ್ತಿದ್ನೇನೇ?"

ಸ್ತಂಭದ ಬುಡದಲ್ಲಿದ್ದ ಅವರ ಹಳೆಯ ಮನೆಯ ಮಾಡು ಕುಸಿದಿತ್ತು. ಅಡುಗೆಮನೆಯಿದ್ದ ಜಾಗದಲ್ಲಿ ಅವಳು ಬಾಳೆಲೆ ಹಾಸಿ ಬುತ್ತಿಯ ಅನ್ನ, ಒಣಮೀನು ಬಡಿಸಿದಳು. ನಾನು ಕೈಹಾಕಿದ್ದೇ ತಡೆದಳು.

"ತಡಿಯೇ. ಅಪ್ಪ ಮೇಲಿಂದ ಇಳಿದು ಬರೋ ತನಕ ಅಮ್ಮ ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ."

ಅವಳು ಎದ್ದು ಸ್ತಂಭದ ಮೆಟ್ಟಿಲು ಹತ್ತಿ ಹೋದಳು, ಮೇಲೆ ಬಹಳ ಹೊತ್ತು ಕಡಲು ನೋಡುತ್ತಾ ನಿಂತಳು. ಕೊನೆಗೆ ಕಬ್ಬಿಣದ ಮೆಟ್ಟಿಲ ಮೇಲೆ ಧಡಧಡ ಕಾಲು ಬಡಿಯುತ್ತಾ ಇಳಿದು ಬಂದು, ಅಪ್ಪನ ಗಡಸು ದನಿಯಲ್ಲಿ, "ಹಸಿವಾಯ್ತೇನ್ರೋ ಮಕ್ಕಳಾ? ಬನ್ನಿ, ಉಣ್ಣೋಣ!" ಎಂದಳು.

ಕಣ್ಣು ಕೆಂಪಾಗಿತ್ತು, ಆದರೂ ನಗುತ್ತಿದ್ದಳು. ಮೊದಲ ತುತ್ತು ಅವಳೇ ತಿಂದಳು.